ಬೋಣಿಗೆ ಮೊದಲು

ನಿಮ್ಮನ್ನು ‘ಸಹೋದರಿ’ ಎಂದು ಕರೆಯುವ ವ್ಯಾಪಾರಿಯ ಎದುರು ಕುಳಿತಾಗ ಬ್ಯಾಗನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇದು ನನಗೆ ಮೊದಲಿನಿಂದಲೂ ಗೊತ್ತು. ಆದರೆ ಹಣ ಇದ್ದದ್ದು ನನ್ನ ಬ್ಯಾಗಿನಲ್ಲಲ್ಲ, ನನ್ನ ಗಂಡ ಇಲ್ಯಾಸರ ಖಾತೆಯಲ್ಲಿ. ಅವರು ಜೀವನದಲ್ಲಿ ಗಟ್ಟಿಯಾಗಿ ಹಿಡಿದುಕೊಂಡದ್ದು ಎರಡನ್ನೇ. ಒಂದು ಸ್ಟಿಯರಿಂಗ್, ಇನ್ನೊಂದು ಹಳೆಯ ಸ್ನೇಹ. ಮೊದಲನೆಯದು ನಮಗೆ ಇಪ್ಪತ್ತೆರಡು ವರ್ಷ ಅನ್ನ ಹಾಕಿತು. ಎರಡನೆಯದು ಅದನ್ನೆಲ್ಲ ಒಂದೇ ಬೆಳಿಗ್ಗೆ ತಿಂದು ಮುಗಿಸಿತು.

ಇಲ್ಯಾಸ್ ಗಲ್ಫಿನ ಜುಬೈಲಿನಲ್ಲಿ ಒಂದು ಕಂಪೆನಿಯ ಡ್ರೈವರ್ ಆಗಿದ್ದರು. ಮದುವೆಯಾದ ಮೇಲೆ ನಾನು ಅವರೊಂದಿಗೆ ಬದುಕಿದ್ದು ರಜೆಯ ಲೆಕ್ಕದಲ್ಲಿ. ಬಂದಾಗ ಒಂದು ವಾರ ನಾಚಿಕೆ, ಹೋಗುವಾಗ ಒಂದು ವಾರ ಅಳು, ನಡುವೆ ಉಳಿದದ್ದರಲ್ಲಿ ನೆಂಟರ ಮನೆಯ ಊಟ. ಮಗಳು ಸಬೀನಾ ನಡೆಯಲು ಕಲಿತದ್ದು, ಶಾಲೆಗೆ ಹೋದದ್ದು ಎಲ್ಲವನ್ನೂ ಅವರು ಫೋಟೋದಲ್ಲಿ ನೋಡಿದರು. ಅವಳ ಮದುವೆಗೆ ಮಾತ್ರ ಸರಿಯಾದ ಸಮಯಕ್ಕೆ ಬಂದಿದ್ದರು, ಅದೂ ವಿಮಾನ ಇಳಿದ ಬಟ್ಟೆಯಲ್ಲೇ. ಕಳೆದ ವರ್ಷ ಕಂಪೆನಿಯವರು ಲೆಕ್ಕ ಚುಕ್ತಾ ಮಾಡಿ ಕಳುಹಿಸಿದಾಗ ಮನುಷ್ಯ ಮೊದಲ ಸಲ ರಿಟರ್ನ್ ಟಿಕೆಟ್ ಇಲ್ಲದೆ ಮಂಗಳೂರಿನ ಬಿಜೈಯ ನಮ್ಮ ಬಾಡಿಗೆ ಮನೆಗೆ ಬಂದರು. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಚಾ ಮಾಡಿಡುತ್ತಿದ್ದರು. ಚಾ ಬಾಯಿಗಿಡಲು ಆಗುತ್ತಿರಲಿಲ್ಲ. ಆದರೂ ನನಗೆ ಅವರು ಇಲ್ಲಿಯೇ ಇರಬೇಕಿತ್ತು.

ಅದಕ್ಕೊಂದು ದಾರಿ ಮಾಡಿಕೊಂಡಿದ್ದೆವು. ಕೈಯಲ್ಲಿ ಉಳಿದ ಹಣದಿಂದ ಹಳದಿ ಬೋರ್ಡಿನ ಒಂದು ಹಳೆಯ ಕಾರು ತೆಗೆದುಕೊಂಡು ಏರ್‌ಪೋರ್ಟಿಗೆ, ಆಸ್ಪತ್ರೆಗಳಿಗೆ ಬಾಡಿಗೆ ಓಡಿಸುವುದು. ಕಾರು ಓಡಿದರೆ ಅವರು ಊರಿನಲ್ಲಿ. ಓಡದಿದ್ದರೆ ದಮ್ಮಾಮಿನಲ್ಲಿ ಒಬ್ಬ ಅರಬಿಯ ಮನೆಗೆ ಡ್ರೈವರ್ ವೀಸಾ ಇದೆಯೆಂದು ನನ್ನ ಅಣ್ಣ ಮೊಯ್ದೀನಬ್ಬ ಕಾಯುತ್ತ ಕುಳಿತಿದ್ದ. ಐವತ್ತು ದಾಟಿದ ಮನುಷ್ಯ ಪುನಃ ಬೇರೆಯವರ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ.

ಕಾರು ಯಾರಿಂದ ಎಂಬ ಪ್ರಶ್ನೆಯೇ ಏಳಲಿಲ್ಲ. ಪಡೀಲಿನಲ್ಲಿ ಹೆದ್ದಾರಿಯ ಬದಿಗೆ ಶಾಹುಲ್‌ನ ಯಾರ್ಡ್ ಇತ್ತು. ಹಳೆಯ ಕಾರುಗಳು ಹೊಸ ಪಾಲಿಶ್ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ಮೇಲೆ ‘ನಂಬಿಕೆಯೇ ನಮ್ಮ ಬಂಡವಾಳ’ ಎಂಬ ಬೋರ್ಡು. ಬಂಡವಾಳ ಕರಗಿ ಎಷ್ಟೋ ಕಾಲವಾಗಿತ್ತು, ಬೋರ್ಡು ಮಾತ್ರ ಉಳಿದಿತ್ತು. ಈ ಶಾಹುಲ್ ಜುಬೈಲಿನಲ್ಲಿ ನನ್ನ ಗಂಡನ ರೂಮಿನವನು. ಗಲ್ಫಿನಲ್ಲಿ ದುಡಿದವರ ಮನೆಯವರಿಗೆ ‘ರೂಮಿನವನು’ ಎಂಬ ಮಾತಿನ ತೂಕ ಗೊತ್ತು. ಒಡಹುಟ್ಟಿದವನ ಮೇಲೆ ಕೇಸು ಹಾಕಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ರೂಮಿನವನ ಮೇಲೆ ಹಾಕಿದವರನ್ನು ನಾನು ಕಂಡಿಲ್ಲ. ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ, ಒಂದೇ ಪಾತ್ರೆಯಲ್ಲಿ ಅನ್ನ, ಊರಿನಿಂದ ಸಾವಿನ ಸುದ್ದಿ ಬಂದರೆ ಒಬ್ಬನ ಅಳುವಿಗೆ ಎಲ್ಲರೂ ಎಚ್ಚರ. ಹೀಗೆ ಬದುಕಿದ ಗಂಡಸರು ಊರಿಗೆ ಬಂದ ಮೇಲೂ ಆ ಕೋಣೆಯಿಂದ ಹೊರಗೆ ಬರುವುದಿಲ್ಲ. ಶಾಹುಲ್ ಬೇಗ ಹೊರಗೆ ಬಂದಿದ್ದ, ಅಷ್ಟೇ.

ಕಾರು ನೋಡಲು ನಾನೂ ಹೋಗಿದ್ದೆ. ಶಾಹುಲ್ ಅತ್ತರು ಪೂಸಿಕೊಂಡು, ಬಿಳಿ ಅಂಗಿಯ ಕಿಸೆಯಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ಬಂದ. ಓದುಬರಹಕ್ಕಿಂತ ಸಹಿ ಹಾಕಿಸಿಕೊಳ್ಳುವುದೇ ಹೆಚ್ಚು ಇರುವವರು ಎರಡು ಪೆನ್ನು ಇಟ್ಟುಕೊಳ್ಳುತ್ತಾರೆ. ಖರ್ಜೂರ ಕೊಟ್ಟ. ಸುಲೈಮಾನಿ ಚಾ ಕೊಟ್ಟ. ಜುಬೈಲಿನ ಮೀನುಸಾರಿನ ಕಥೆ ಹೇಳಿ ನನ್ನ ಗಂಡನನ್ನು ನಗಿಸಿದ. ಆಮೇಲೆ ಒಂದು ಬಿಳಿ ಕಾರಿನ ಬೆನ್ನು ತಟ್ಟಿ, “ಇದು ನಿನಗೆ ಅಂತಲೇ ಇಟ್ಟದ್ದು ಮಾರಾಯ. ಡಾಕ್ಟರೊಬ್ರ ಗಾಡಿಯ ಹಾಗೆ ನೋಡಿಕೊಂಡದ್ದು,” ಎಂದ.

“ಒಮ್ಮೆ ಓಡಿಸಿ ನೋಡಿ,” ಎಂದು ನಾನು ಗಂಡನ ಕಿವಿಯಲ್ಲಿ ಹೇಳಿದೆ. “ಅಡಿ, ಬುಡ ಎಲ್ಲ ನೋಡಿ.”

ಜುಬೈಲಿನಲ್ಲಿ ದಿನಾ ಬೆಳಿಗ್ಗೆ ಕಂಪೆನಿಯ ಗಾಡಿಗೆ ಸುತ್ತು ಹಾಕಿ, ಬಾನೆಟ್ ಎತ್ತಿ, ಟಯರ್ ಮುಟ್ಟಿ ನೋಡದೆ ಕೀಲಿ ತಿರುಗಿಸದ ಮನುಷ್ಯ ಇವರು. ಅವತ್ತು ನನ್ನನ್ನು ನೋಡಿದ್ದು ಹೇಗೆಂದರೆ, ಮನೆಗೆ ಬಂದ ನೆಂಟನ ಕಿಸೆ ತಡಕಿ ನೋಡಿ ಎಂದು ನಾನು ಹೇಳಿದ ಹಾಗೆ. ಒಂದೇ ರೂಮಿನವರು ಒಬ್ಬರ ಗಾಡಿಯ ಮ್ಯಾಟ್ ಇನ್ನೊಬ್ಬರು ಎತ್ತಿ ನೋಡುವುದಿಲ್ಲವಂತೆ. ಅದು ಮರ್ಯಾದೆಯ ಪ್ರಶ್ನೆಯಂತೆ. ಮರ್ಯಾದೆ ಉಳಿಯಿತು. ಪೂರ್ತಿ ಹಣ ಶಾಹುಲ್‌ನ ಖಾತೆಗೆ ಹೋಯಿತು. ಆರ್‌ಸಿ ಪುಸ್ತಕ ಮಾತ್ರ ‘ಬರ್ತಾ ಉಂಟು’ ಎಂದಾಯಿತು.

ಕಾರಿನ ಬಣ್ಣ ಬಯಲಾಗಲು ಹೆಚ್ಚು ಕಾಯಬೇಕಾಗಲಿಲ್ಲ. ಮೊದಲು ಬಂದದ್ದು ವಾಸನೆ. ಎ.ಸಿ. ಹಾಕಿದರೆ ಒದ್ದೆ ಗೋಣಿಯ ನಾತ. ಆಮೇಲೆ ಬಲಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಕೂಗತೊಡಗಿತು. ಸುಡುಬಿಸಿಲಿನಲ್ಲಿ ವೈಪರ್ ಆಡಿತು. ಒಂದು ದಿನ ಆಸ್ಪತ್ರೆಗೆ ಹೊರಟಿದ್ದ ಹೆರಿಗೆಯ ಹೆಂಗಸನ್ನು ಕೂರಿಸಿಕೊಂಡು ಕಾರು ನಂತೂರಿನ ವೃತ್ತದ ನಟ್ಟನಡುವೆ ನಿಂತುಬಿಟ್ಟಿತು. ಆಕೆಯನ್ನು ರಿಕ್ಷಾದಲ್ಲಿ ಕಳುಹಿಸಿ, ಬಾಡಿಗೆಯನ್ನೂ ಕೈಯಿಂದ ಕೊಟ್ಟು ಇಲ್ಯಾಸ್ ಮನೆಗೆ ಬಂದರು. ಅಂದು ಸಂಜೆ ಅಂಗಳದಲ್ಲಿ ಕೊನೆಗೂ ಮ್ಯಾಟ್ ಎತ್ತಿದರು. ಅಡಿಯಲ್ಲಿ ನುಣುಪಾದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಬೆರಳಿನಲ್ಲಿ ಮುಟ್ಟಿ ನೋಡಿ ಅವರು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತರು.

“ಮುಳುಗಿದ ಗಾಡಿ,” ಎಂದರು. “ನೆರೆಯಲ್ಲಿ. ಸೀಟಿನವರೆಗೆ ನೀರು ನಿಂತದ್ದು.”

ಮೇಲೆ ಥಳುಕು, ಒಳಗೆ ಹುಳುಕು. ನಾನು ಶಾಹುಲ್‌ನ ಏಳು ತಲೆಮಾರನ್ನೂ ನೆನೆದು ಮಾತಾಡಿದೆ. ಇವರು ಮ್ಯಾಟನ್ನು ಪುನಃ ಮುಚ್ಚಿ, “ಯಾರಿಗೂ ಹೇಳ್ಬೇಡ. ಡ್ರೈವರೇ ಗಾಡಿಯಲ್ಲಿ ಮೋಸ ಹೋದ ಅಂತ ಊರಿಡೀ ನಗ್ತದೆ,” ಎಂದರು. ಮೋಸ ಮಾಡಿದವನು ಅತ್ತರು ಪೂಸಿಕೊಂಡು ತಿರುಗುವುದು, ಮೋಸ ಹೋದವನು ಮುಖ ಮುಚ್ಚಿಕೊಂಡು ಕೂರುವುದು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಹೇಳಬೇಡ ಎಂದರೂ ಸುದ್ದಿ ನನ್ನ ಅಣ್ಣನಿಗೆ ತಲುಪಿತು. ಬಂದವನೇ ಕಾರಿಗೆ ಎರಡು ಸುತ್ತು ಹಾಕಿ, “ನನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು,” ಎಂದ. ನನ್ನ ಅಣ್ಣನಿಗೆ ಸ್ಕೂಟರಿನ ಸ್ಟ್ಯಾಂಡ್ ಹಾಕಲಿಕ್ಕೂ ಇನ್ನೊಬ್ಬರ ಸಹಾಯ ಬೇಕು. ಊಟಕ್ಕಿಲ್ಲದ ಉಪ್ಪಿನಕಾಯಿ ಅವನ ಬುದ್ಧಿವಾದ. ಆದರೆ ಹೋಗುವಾಗ ಹೇಳಿದ ಮಾತು ಮಾತ್ರ ನನ್ನನ್ನು ಕುಟುಕಿತು. “ವೀಸಾಕ್ಕೆ ಈ ತಿಂಗಳ ಕೊನೆಯೊಳಗೆ ಹೌದು ಅಲ್ಲ ಹೇಳಿ. ಆಮೇಲೆ ನನ್ನನ್ನು ದೂರಬೇಡಿ.”

ಮರುದಿನವೇ ಗಂಡನನ್ನು ಎಬ್ಬಿಸಿಕೊಂಡು ನಾನು ಪಡೀಲಿಗೆ ಹೊರಟೆ.

“ಬನ್ನಿ ಬನ್ನಿ ಸಹೋದರಿ,” ಎಂದ ಶಾಹುಲ್. “ಇದು ನಿಮ್ಮದೇ ಅಂಗಡಿ.”

“ಹೌದಾ? ಹಾಗಾದ್ರೆ ಗಲ್ಲಾಪೆಟ್ಟಿಗೆ ತೆರೆಯಿರಿ ಶಾಹುಲ್ ಭಾಯ್. ನಮ್ಮ ಹಣ ತೆಗೊಂಡು ಹೋಗ್ತೇವೆ.”

ಅವನ ಮುಖದಲ್ಲಿ ನಗು ಇದ್ದ ಹಾಗೆಯೇ ಇತ್ತು. ಇಂಥವರ ನಗು ಒಳಗಿನಿಂದ ಬಂದದ್ದಲ್ಲ, ಹಾಗಾಗಿ ಒಳಗೆ ಏನಾದರೂ ಅದಕ್ಕೆ ತೊಂದರೆಯಾಗುವುದಿಲ್ಲ. ನೆರೆಯ ಮಾತು ತೆಗೆದಾಗ ತನಗೂ ಯಾರೋ ಮೋಸ ಮಾಡಿದ್ದಾರೆಂದು ತಲೆಗೆ ಕೈ ಹಚ್ಚಿದ. ಅಲ್ಲಾಹನ ಮೇಲೆ ಆಣೆ ಹಾಕಿದ. ಹಣ ಕೊಡುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. “ಕೊಡ್ತೇನೆ. ಖಂಡಿತ ಕೊಡ್ತೇನೆ. ಆದ್ರೆ ಈಗ ಬೋಣಿ ಆಗಿಲ್ಲ ನೋಡಿ.”

ದಿನದ ಮೊದಲ ವ್ಯಾಪಾರ ಆಗುವ ಮೊದಲು ಗಲ್ಲಾದಿಂದ ಹಣ ಹೊರಗೆ ಹೋಗಬಾರದು ಎಂಬುದು ನಮ್ಮೂರಿನ ಎಲ್ಲ ಅಂಗಡಿಯವರ ನಂಬಿಕೆ. ಇರಲಿ ಎಂದು ಇನ್ನೊಂದು ದಿನ ಮಧ್ಯಾಹ್ನ ಹೋದೆವು. ಆಗಲೂ ಬೋಣಿ ಆಗಿರಲಿಲ್ಲ. ಟೊಮೆಟೊ ಮಾರುವವನಿಗೆ ದಿನಾ ಬೋಣಿಯಾಗುತ್ತದೆ, ಕಾರು ಮಾರುವವನಿಗೆ ಹೇಗಾದೀತು? ಸಂಜೆ ಹೋದರೆ ದೀಪ ಹಚ್ಚಿದ ಮೇಲೆ ಲಕ್ಷ್ಮಿಯನ್ನು ಹೊರಗೆ ಕಳುಹಿಸಬಾರದು ಎಂದ. ಲಕ್ಷ್ಮಿಗೂ ನಿಮಗೂ ಎಂತ ಸಂಬಂಧ ಎಂದು ಕೇಳಿದ್ದಕ್ಕೆ ಪಕ್ಕದ ಟಯರ್ ಅಂಗಡಿಯ ಶೆಟ್ರು ಹೇಳಿದ್ದು ಎಂದ. ಶುಕ್ರವಾರ ಜುಮಾ. ಮಂಗಳವಾರ ಕೊಟ್ಟರೆ ಪುನಃ ಪುನಃ ಕೊಡಬೇಕಾಗುತ್ತದಂತೆ. ಒಂದು ದಿನ ರಾಹುಕಾಲವನ್ನೂ ತಂದ. ಎಲ್ಲ ಮತಗಳ ಕೆಟ್ಟ ಘಳಿಗೆಗಳನ್ನೂ ಆರಿಸಿ ಆ ಒಂದು ಯಾರ್ಡಿನಲ್ಲಿ ಕೂಡಿಹಾಕಿದ್ದ. ಮಂಗಳೂರಿನಲ್ಲಿ ಮತಗಳು ಇಷ್ಟು ಅನ್ಯೋನ್ಯವಾಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಷ್ಟರಲ್ಲೂ ನನ್ನ ಗಂಡ ಬಾಯಿ ತೆರೆಯಲಿಲ್ಲ. ನಾನು ಜಗಳ ಮಾಡುವಾಗ ಅವರು ಸಾಲಿನಲ್ಲಿ ನಿಂತ ಕಾರುಗಳ ಟಯರ್ ನೋಡುತ್ತ ದೂರ ನಿಲ್ಲುತ್ತಿದ್ದರು. ಹಿಂದೆ ಬರುವಾಗ ಬಸ್ಸಿನಲ್ಲಿ ನಾನು ಬೈದರೆ, “ಅವನಿಗೂ ಕಷ್ಟ ಉಂಟು,” ಎನ್ನುತ್ತಿದ್ದರು. ಶಾಹುಲ್‌ನ ಕಷ್ಟವನ್ನು ನಾನೂ ನೋಡಿದ್ದೆ. ಅದು ಹೊಸ ಮಾಡೆಲ್, ಕಪ್ಪು ಗಾಜು, ಯಾರ್ಡಿನ ನೆರಳಿನಲ್ಲಿ ನಿಂತಿರುತ್ತಿತ್ತು.

ಕೊನೆಗೆ ಶಾಹುಲ್‌ನೇ ಒಂದು ದಾರಿ ತೋರಿಸಿದ. “ಒಂದು ಕೆಲಸ ಮಾಡುವ. ಗಾಡಿ ಇಲ್ಲಿಗೆ ತಂದು ಬಿಡಿ. ನಾನು ತೊಳೆದು ಸರಿ ಮಾಡಿ ನಿಲ್ಲಿಸ್ತೇನೆ. ಗಿರಾಕಿ ಬಂದ ಕೂಡಲೇ ನಿಮ್ಮ ಹಣ ನಿಮ್ಮ ಕೈಗೆ. ಒಂದು ರೂಪಾಯಿ ಕಡಿಮೆ ಇಲ್ಲ.”

ಅಂದರೆ ನಮ್ಮ ಗುಂಡಿಗೆ ಇನ್ನೊಬ್ಬರನ್ನು ತಳ್ಳಿ, ಅವರ ಬೆನ್ನ ಮೇಲೆ ಕಾಲಿಟ್ಟು ನಾವು ಹತ್ತಿ ಬರುವುದು. ನನಗೆ ಅರ್ಥವಾಗಲಿಲ್ಲವೆಂದಲ್ಲ. ಒಮ್ಮೆ ಗಂಡನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ತಿಂಗಳು ಮುಗಿಯುತ್ತ ಬಂದಿತ್ತು. “ಆಯ್ತು,” ಎಂದೆ.

ಆ ವಾರ ಶಾಹುಲ್‌ನ ಫೋನ್ ಬಂತು. ಗಿರಾಕಿ ಬರುತ್ತಿದ್ದಾರೆ, ನೀವೂ ಬನ್ನಿ, ಮನೆಯವರು ಬಳಸಿದ ಗಾಡಿ ಎಂದು ಕಂಡರೆ ನಂಬಿಕೆ ಬರುತ್ತದೆ ಎಂದ. ಹೋದೆವು. ಕಾರಿನೊಳಗೆ ಪರಿಮಳದ ಡಬ್ಬ ಇಟ್ಟು, ಕನ್ನಡಿಗೆ ಪ್ಲಾಸ್ಟಿಕ್ ಹೂ ಕಟ್ಟಿದ್ದ. ಹೊಸ ಮ್ಯಾಟ್ ಹಾಸಿದ್ದ. ನಮ್ಮ ಮುಳುಗಿದ ಕಾರು ಮದುಮಗಳ ಹಾಗೆ ನಿಂತಿತ್ತು.

ಬಂದವರು ಅಕ್ಕ, ತಮ್ಮ. ಅಕ್ಕನ ಹೆಸರು ಯಶ್ಮಿತಾ, ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಮಳಿಗೆಯ ಯೂನಿಫಾರ್ಮ್ ಸೀರೆಯಲ್ಲೇ ಬಂದಿದ್ದಳು. ತಮ್ಮ ಮುಖೇಶ್ ಯಾರದೋ ಟ್ಯಾಕ್ಸಿಯನ್ನು ಓಡಿಸುತ್ತಿದ್ದ. ಈಗ ಸ್ವಂತದ್ದೊಂದು ಬೇಕಿತ್ತು. ಅದಕ್ಕೆ ಅಕ್ಕ ಅಂಗಡಿಯ ಚೀಟಿ ಎತ್ತಿದ್ದಳು. ಇಷ್ಟನ್ನೂ ಶಾಹುಲ್ ಮೊದಲ ಸುಲೈಮಾನಿ ಮುಗಿಯುವುದರೊಳಗೆ ಅವರ ಬಾಯಿಯಿಂದ ಹೊರಡಿಸಿದ. ಎರಡನೆಯದಕ್ಕೆ ಅವಳನ್ನು ಸಹೋದರಿ ಎಂದು ಕರೆದ. ನನಗೆ ಬ್ಯಾಗ್ ನೆನಪಾಯಿತು.

ಮುಖೇಶ್ ಬಾನೆಟ್ ಎತ್ತಿಸಿ ನೋಡುತ್ತಿದ್ದ. ಬಾನೆಟ್ಟಿನ ಅಡಿಯಲ್ಲಿ ಶಾಹುಲ್ ತುಪ್ಪ ಸವರಿದ ಹಾಗೆ ಎಣ್ಣೆ ಸವರಿದ್ದ, ಎಲ್ಲವೂ ಮಿಂಚುತ್ತಿತ್ತು. ಯಶ್ಮಿತಾ ಮಾತ್ರ ಮೆಲ್ಲನೆ ನನ್ನ ಬಳಿಗೆ ಬಂದಳು. ಗಂಡಸರು ಯಂತ್ರವನ್ನು ಕೇಳುತ್ತಾರೆ, ಹೆಂಗಸರು ಹೆಂಗಸನ್ನು ಕೇಳುತ್ತಾರೆ.

“ಆಂಟಿ, ನಿಮ್ಮದೇ ಅಂತೆ ಗಾಡಿ. ಹೇಗುಂಟು?”

“ನನಗೆ ಗಾಡಿಯದ್ದೆಲ್ಲ ಗೊತ್ತಿಲ್ಲ ಮಗಳೇ,” ಎಂದೆ.

ಹುಟ್ಟಿದಂದಿನಿಂದ ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಯಿಂದ ಬಂದದ್ದು ಅದೇ ಮೊದಲು. ಅವಳು ಹೋಗಲಿಲ್ಲ. ಕೈಯಲ್ಲಿದ್ದ ಪರ್ಸನ್ನು ಎರಡು ಕೈಯಿಂದ ಹಿಡಿದುಕೊಂಡಿದ್ದಳು.

“ಆದ್ರೂ ನೀವು ಅದರಲ್ಲಿ ಹೋಗಿದ್ದೀರಲ್ಲ. ಎಂತ ತೊಂದ್ರೆ ಇಲ್ಲ ಅಲ್ವಾ? ತಮ್ಮನಿಗೆ ಎಲ್ಲ ಚಂದ ಕಾಣ್ತದೆ. ಅದಕ್ಕೇ ನಿಮ್ಮನ್ನು ಕೇಳುವುದು.”

ನಾನು ಬಾಯಿ ತೆರೆದೆ. ಶಾಹುಲ್ ಆ ಕಡೆಯಿಂದ ನನ್ನನ್ನೇ ನೋಡುತ್ತಿದ್ದ. ಎರಡು ಮಾತು ಹೇಳಿದರೆ ಸಾಕಿತ್ತು, ದಮ್ಮಾಮು ದೂರ ಹೋಗುತ್ತಿತ್ತು. ಬೆಳಿಗ್ಗೆಯ ಕೆಟ್ಟ ಚಾ ನನ್ನದಾಗುತ್ತಿತ್ತು.

ಅಷ್ಟರಲ್ಲಿ ಗೋಡೆಯ ಬದಿಯ ಪ್ಲಾಸ್ಟಿಕ್ ಕುರ್ಚಿ ಸರಿದ ಸದ್ದಾಯಿತು. ಇಲ್ಯಾಸ್ ಎದ್ದಿದ್ದರು. ನೇರವಾಗಿ ಕಾರಿನ ಬಳಿಗೆ ಹೋಗಿ ಎದುರಿನ ಬಾಗಿಲು ತೆರೆದರು. ಹೊಸ ಮ್ಯಾಟನ್ನು ತೆಗೆದು ನೆಲಕ್ಕೆ ಹಾಕಿದರು. ಅದರಡಿಯ ಹಾಸನ್ನೂ ಮೂಲೆಯಿಂದ ಹಿಡಿದು ಕಿತ್ತರು.

“ಮಗಳೇ, ಇಲ್ಲಿ ಬಾ. ಇದನ್ನು ಮೂಸಿ ನೋಡು,” ಎಂದರು. “ನೆರೆಯಲ್ಲಿ ಮುಳುಗಿದ ಗಾಡಿ ಇದು. ಬೇಡ. ಮುಖೇಶ್, ನೀನೂ ನೋಡು. ಇನ್ನು ಮುಂದೆ ಯಾವ ಗಾಡಿ ನೋಡುವಾಗಲೂ ಮೊದಲು ಇಲ್ಲಿ ಎತ್ತಿ ನೋಡ್ಬೇಕು. ಮಾರುವವ ನಿನ್ನ ಅಪ್ಪನೇ ಆದ್ರೂ ಎತ್ತಿ ನೋಡ್ಬೇಕು.”

ಯಶ್ಮಿತಾ ಮೂಸಿದಳು. ಆಮೇಲೆ ತಲೆಯೆತ್ತಿ ಮೊದಲು ನೋಡಿದ್ದು ನನ್ನನ್ನು. ತಮ್ಮನ ತೋಳು ಹಿಡಿದು ಎಳೆದುಕೊಂಡು ಗೇಟಿನಿಂದ ಆಚೆ ಹೋದಳು.

ಶಾಹುಲ್‌ನ ನಗು ಆಗ ಮೊದಲ ಸಲ ಇಳಿಯಿತು. “ಬೋಣಿ ಹಾಳು ಮಾಡಿದೆಯಲ್ಲ ಇಲ್ಯಾಸ್. ಈಗ ಗೇಟಿನಿಂದ ಹೊರಗೆ ಹೋದದ್ದು ನಿನ್ನದೇ ಹಣ. ನಿನ್ನ ಗಾಡಿ ತೆಗೊಂಡು ಹೋಗು. ಇನ್ನು ನನ್ನ ಹತ್ರ ಬರ್ಬೇಡ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಕಾರಿನಲ್ಲೇ ಮನೆಗೆ ಹೊರಟೆವು. ಪಂಪ್‌ವೆಲ್ ಹತ್ತಿರ ಅದು ನಿಂತಿತು. ಇಲ್ಯಾಸ್ ಇಳಿದು ಒಬ್ಬರೇ ತಳ್ಳತೊಡಗಿದರು. ನಾನು ಒಳಗೇ ಕುಳಿತಿದ್ದೆ. ಕೋಪ ನೆತ್ತಿಗೇರಿತ್ತು. ಇಷ್ಟು ದಿನ ಶಾಹುಲ್‌ನ ಎದುರು ಇಲ್ಲದ ನಾಲಗೆ ಇವತ್ತು ನಮ್ಮದೇ ಕುತ್ತಿಗೆ ಕುಯ್ಯಲು ಎಲ್ಲಿಂದ ಬಂತು? ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಹಾಕಿದ. ಯಾರೋ ಇಬ್ಬರು ಹುಡುಗರು ಬಂದು ಕೈ ಜೋಡಿಸಿದ ಮೇಲೆ ಕಾರು ಪುನಃ ಚಾಲೂ ಆಯಿತು.

ಮನೆಯಲ್ಲಿ ಬಾಯಿಗೆ ಬಂದದ್ದೆಲ್ಲ ಹೇಳಿದೆ. “ಹೋಗಿ. ದಮ್ಮಾಮಿಗೆ ಹೋಗಿ. ಅಲ್ಲಿ ಎಲ್ಲರ ಗಾಡಿಯ ಮ್ಯಾಟ್ ಎತ್ತಿ ನೋಡಿಕೊಂಡು ಕೂತುಕೊಳ್ಳಿ. ಆ ಹುಡುಗಿ ನಿಮಗೆ ಎಂತ ಆಗ್ಬೇಕು? ನಾನು ಎಂತ ಆಗ್ಬೇಕು?” ಅಳು ಬಂತು. ಅವರು ಹೋಗಿಬಿಡುತ್ತಾರೆ ಎಂಬ ಹೆದರಿಕೆಗೆ ಬಂದ ಅಳು ಅದು. ಕೋಪದ್ದು ಎಂದು ತೋರಿಸಿಕೊಂಡೆ.

ಬೆಳಿಗ್ಗೆ ಎದ್ದಾಗ ಚಾ ಮಾಡಿಟ್ಟಿತ್ತು. ಇಲ್ಯಾಸ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೀಲಿ ಹಿಡಿದು ನಿಂತಿದ್ದರು.

“ಹೊರಡು,” ಎಂದರು.

“ಎಲ್ಲಿಗೆ?”

“ಪಡೀಲಿಗೆ. ಅವನು ಗೇಟು ತೆರೆಯುವ ಮೊದಲು ತಲುಪ್ಬೇಕು.”

ಶಾಹುಲ್‌ನ ಯಾರ್ಡಿನ ಗೇಟಿಗೆ ತಾಗಿ ಹೆದ್ದಾರಿಯ ಬದಿಯಲ್ಲಿ ಸ್ವಲ್ಪ ಸರಕಾರಿ ಮಣ್ಣು ಇತ್ತು. ಅಲ್ಲಿ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದಿಟ್ಟರು. ಮ್ಯಾಟುಗಳನ್ನು ತೆಗೆದು ಬಾನೆಟ್ ಮೇಲೆ ಒಣಗಲು ಹಾಕಿದರು. ಚಾದಂಗಡಿಯಿಂದ ಎರಡು ಸ್ಟೂಲ್ ತಂದು ಒಂದರಲ್ಲಿ ನನ್ನನ್ನು ಕೂರಿಸಿ ಇನ್ನೊಂದರಲ್ಲಿ ಕುಳಿತರು. ಬೋರ್ಡಿಲ್ಲ, ಘೋಷಣೆಯಿಲ್ಲ. ಆದರೆ ನಮ್ಮೂರಿನಲ್ಲಿ ನಾಲ್ಕೂ ಬಾಗಿಲು ತೆರೆದಿಟ್ಟ ಕಾರನ್ನು ನೋಡಿ ಏನು ಎಂದು ಕೇಳದೆ ಮುಂದೆ ಹೋಗುವ ಗಂಡಸು ಇನ್ನೂ ಹುಟ್ಟಬೇಕಷ್ಟೆ.

ಯಾರ್ಡಿಗೆ ಬಂದ ಮೊದಲ ಗಿರಾಕಿಯೇ ಕೇಳಿದ. “ಎಂತ ಆಯ್ತು ಗಾಡಿಗೆ?”

“ನೀರಲ್ಲಿ ಮುಳುಗಿದ್ದು,” ಎಂದರು ಇಲ್ಯಾಸ್.

“ಎಲ್ಲಿಂದ ತೆಗೊಂಡದ್ದು?”

ಅವರು ಬೆರಳು ತೋರಿಸಲಿಲ್ಲ, ಹೆಸರು ಹೇಳಲಿಲ್ಲ. “ಇಲ್ಲಿಂದಲೇ,” ಎಂದರು, ಅಷ್ಟೇ. ಗಿರಾಕಿ ಗೇಟಿನ ಕಡೆ ನೋಡಿದ, ಮ್ಯಾಟ್ ನೋಡಿದ, ಬಂದ ದಾರಿಯಲ್ಲೇ ಹೋದ. ಎರಡನೆಯವನು ಸ್ವಲ್ಪ ಚುರುಕು. ಹೇಗೂ ಬಂದಿದ್ದೇನೆ, ಒಳಗಿನ ಆ ಕೆಂಪು ಗಾಡಿಯನ್ನು ಒಮ್ಮೆ ನೋಡಿ ಹೇಳುತ್ತೀರಾ ಎಂದು ಇಲ್ಯಾಸರನ್ನೇ ಕರೆದುಕೊಂಡು ಹೋದ. ಇವರು ಮ್ಯಾಟ್ ಎತ್ತಿದರು, ಬಗ್ಗಿ ಅಡಿ ನೋಡಿದರು, ಒಂದು ಬಾಗಿಲನ್ನು ತೆರೆದು ಹಾಕಿ ಕಿವಿಗೊಟ್ಟರು. “ಒಂದು ಬದಿ ಪೂರ್ತಿ ಬಡಿದು ಸರಿ ಮಾಡಿದ್ದು,” ಎಂದರು. ನಾನು ಸ್ಟೂಲಿನಲ್ಲಿ ಕುಳಿತು ಶಾಹುಲ್‌ನ ಮುಖ ನೋಡುತ್ತಿದ್ದೆ. ಅಷ್ಟು ಖುಷಿ ನನಗೆ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಮಧ್ಯಾಹ್ನ ಶಾಹುಲ್ ಹೊರಗೆ ಬಂದ. ಅತ್ತರು ಬೆವರಿನಲ್ಲಿ ಕರಗಿತ್ತು.

“ಇಲ್ಯಾಸ್, ಇದು ಸರಿಯಾ? ಒಂದೇ ಪಾತ್ರೆಯಲ್ಲಿ ಉಂಡವರು ನಾವು.”

“ಅದಕ್ಕೇ ನಿನ್ನ ಹೆಸರು ಎತ್ತಲಿಲ್ಲ,” ಎಂದರು ಇಲ್ಯಾಸ್. “ಗಾಡಿಯ ವಿಷಯ ಕೇಳಿದ್ರೆ ಗಾಡಿಯ ವಿಷಯ ಹೇಳ್ತೇನೆ. ಅದು ನನ್ನ ಕೆಲಸ.”

“ನಿನಗೆ ಹಣ ಬೇಕು, ಅಷ್ಟೇ ಅಲ್ವಾ?”

“ಹಣ ನಿನಗೆ ಬೋಣಿ ಆದ ಮೇಲೆ ಕೊಡು. ನನಗೆ ಅವಸರ ಇಲ್ಲ. ಇಲ್ಲೇ ಇರ್ತೇನೆ.”

ಇದನ್ನು ಅವರು ಕುಹಕದಿಂದ ಹೇಳಲಿಲ್ಲ. ಕುಹಕ ಅವರಿಗೆ ಬರುವುದಿಲ್ಲ, ಅದು ನನ್ನ ವಿಭಾಗ. ಆದರೆ ಬೋಣಿ ಅವತ್ತು ಆಗಲಿಲ್ಲ. ಮರುದಿನವೂ ಆಗಲಿಲ್ಲ. ಬಿಸಿಲಿಗೆಂದು ಟಯರ್ ಅಂಗಡಿಯ ಶೆಟ್ರು ನಮಗೆ ಒಂದು ದೊಡ್ಡ ಕೊಡೆ ಕೊಟ್ಟರು. ಲಕ್ಷ್ಮಿಯ ವಿಷಯ ನಾನು ಕೇಳಿದೆ. ತಾನು ಅಂಥದ್ದೇನೂ ಹೇಳಿಲ್ಲ ಎಂದರು. ಅವರ ಅಂಗಡಿಯಲ್ಲಿ ರಾತ್ರಿ ಮುಚ್ಚುವವರೆಗೂ ಹಣ ಒಳಗೂ ಹೊರಗೂ ಓಡಾಡುತ್ತಿತ್ತು.

ಮೂರನೆಯ ಬೆಳಿಗ್ಗೆ ನಾವು ಮ್ಯಾಟ್ ಹಾಸುವಷ್ಟರಲ್ಲೇ ಶಾಹುಲ್ ಗೇಟಿಗೆ ಬಂದ. ಕೈಯಲ್ಲಿ ಮೊಬೈಲ್ ಇತ್ತು. ಅದರ ಮೇಲೆ ಬೆರಳಾಡಿಸಿದ. ಇಲ್ಯಾಸರ ಕಿಸೆಯಲ್ಲಿ ಫೋನ್ ಟಣ್ ಎಂದಿತು. ನಾನು ತೆಗೆದುಕೊಂಡು ನೋಡಿದೆ. ತೊಳೆದದ್ದಕ್ಕೆ, ಪರಿಮಳದ ಡಬ್ಬಕ್ಕೆ ಎಂದು ಸ್ವಲ್ಪ ಮುರಿದುಕೊಂಡಿದ್ದ. ಉಳಿದದ್ದೆಲ್ಲ ಬಂದಿತ್ತು.

“ಶಾಹುಲ್ ಭಾಯ್, ಇವತ್ತು ಬೋಣಿ ಆಯ್ತಾ?” ಎಂದು ಕೇಳಿದೆ.

ಅವನು ನನ್ನ ಕಡೆ ನೋಡಲಿಲ್ಲ. ಸಹೋದರಿ ಎಂದೂ ಕರೆಯಲಿಲ್ಲ. ಇಲ್ಯಾಸ್ ಕೀಲಿಯನ್ನು ಅವನ ಕೈಯಲ್ಲಿಟ್ಟು, “ಇದನ್ನು ಗುಜರಿಗೆ ಹಾಕು. ಪುನಃ ಲೈನಿನಲ್ಲಿ ನಿಂತರೆ ನಾನು ಬರ್ತೇನೆ,” ಎಂದರು. ಸಲಾಂ ಹೇಳಿದರು. ಅವನೂ ಹೇಳಿದ. ಗಂಡಸರ ಈ ಸಲಾಮುಗಳು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಸ್ ಹತ್ತಿದ ಕೂಡಲೇ ನಾನು ಅಣ್ಣನಿಗೆ ಫೋನ್ ಮಾಡಿ ವೀಸಾ ಬೇಡ ಎಂದೆ. ಹಣ ಬರುತ್ತದೆಂದು ತಾನು ಮೊದಲೇ ಹೇಳಿದ್ದೆನಲ್ಲ ಎಂದ. ಫೋನ್ ಇಟ್ಟೆ. ಮನಸ್ಸು ಹಗುರವಾಗಿತ್ತು. ಹಂಪನಕಟ್ಟೆಯಲ್ಲಿ ಇಳಿದು ಒಳ್ಳೆಯ ಅಂಜಲ್ ಮೀನು ತೆಗೆದುಕೊಳ್ಳಬೇಕು, ಸಬೀನಾಳನ್ನೂ ಅಳಿಯನನ್ನೂ ರಾತ್ರಿಗೆ ಕರೆಯಬೇಕು ಎಂದು ಯೋಚಿಸುತ್ತಿದ್ದೆ. ಕಂಕನಾಡಿ ದಾಟಿದ ಮೇಲೆ ಪಕ್ಕದಲ್ಲಿದ್ದ ಇಲ್ಯಾಸ್ ಮೆಲ್ಲನೆ ಕೇಳಿದರು.

“ಅವತ್ತು ಆ ಹುಡುಗಿ ಎರಡನೇ ಸಲ ಕೇಳುವಾಗ ನೀನು ಎಂತ ಹೇಳ್ಲಿಕ್ಕೆ ಬಾಯಿ ತೆರೆದದ್ದು?”

ಶಾಹುಲ್‌ಗೆ, ಅಣ್ಣನಿಗೆ, ಬಸ್ಸಿನವನಿಗೆ, ಎಲ್ಲರಿಗೂ ನನ್ನ ಬಳಿ ತಯಾರಾದ ಮಾತಿರುತ್ತದೆ. ಕಿಟಕಿಯಿಂದ ಹೊರಗೆ ನೋಡಿದೆ. ಸುಳ್ಳು ಹೇಳಬಹುದಿತ್ತು, ಆದರೆ ಈ ಮನುಷ್ಯನ ಪಕ್ಕದಲ್ಲಿ ಕುಳಿತು ಆಗಲಿಲ್ಲ.

“ಒಳ್ಳೆ ಗಾಡಿ ಅಂತ,” ಎಂದೆ.

ಅವರು ತಲೆಯಾಡಿಸಿದರು.

“ಗೊತ್ತಾಯ್ತು. ಅದಕ್ಕೇ ನಾನು ಎದ್ದದ್ದು,” ಎಂದರು.

ಕಂಡಕ್ಟರ್ ಹಂಪನಕಟ್ಟೆ ಎಂದು ಕೂಗಿದ. ಅವರು ನನ್ನ ಬ್ಯಾಗನ್ನು ತಾವೇ ಹಿಡಿದುಕೊಂಡು ಮುಂದೆ ಇಳಿದರು. ನಾನು ಅವರ ಹಿಂದೆ ಇಳಿದೆ.